ಜೇಬಿನಲ್ಲಿ ಸಿಕ್ಕಿದ್ದು

ನಮ್ಮ ಮಾವನಿಗೆ ಮೈ ತುರಿಕೆ ಶುರುವಾದಾಗ ಮನೆಯಲ್ಲಿ ಯಾರೂ ಅದನ್ನು ಕಾಯಿಲೆಯೆಂದು ಲೆಕ್ಕಕ್ಕೆ ಹಿಡಿಯಲಿಲ್ಲ. ಲಾಂಡ್ರಿಯ ಕೌಂಟರಿನ ಹಿಂದೆ ಕೂತು, ಮರದ ಹ್ಯಾಂಗರನ್ನು ತಲೆಕೆಳಗಾಗಿ ಹಿಡಿದು, ಅದರ ಕೊಕ್ಕೆಯಿಂದ ಬೆನ್ನು ಕೆರೆದುಕೊಳ್ಳುತ್ತಿದ್ದರು. ಗಿರಾಕಿ ಬಂದರೆ ಹ್ಯಾಂಗರು ಕೆಳಗೆ, ಗಿರಾಕಿ ಹೋದರೆ ಮತ್ತೆ ಬೆನ್ನಿಗೆ.

"ಸೋಪು ಬದಲಾಯಿಸಿದ್ಯಾ?" ಎಂದು ಅತ್ತೆ ನನ್ನನ್ನು ಕೇಳಿದರು. ನಮ್ಮ ಮನೆಯಲ್ಲಿ ಏನು ಕೆಟ್ಟರೂ ಮೊದಲ ಪ್ರಶ್ನೆ ನನಗೇ.

"ಇಲ್ಲ ಅತ್ತೆ. ಅದೇ ಸೋಪು, ಅದೇ ನೀರು."

"ಹಾಗಾದ್ರೆ ಆ ಡಬ್ಬದ ಗಾಳಿ."

ಡಬ್ಬ ಎಂದರೆ ನನ್ನ ಡ್ರೈಕ್ಲೀನ್ ಮಷಿನ್ನು. ಕೆಳಗೆ ಅಂಗಡಿ, ಮೇಲೆ ಮನೆ. ಒಗೆಯುವುದು ಮತ್ತು ಇಸ್ತ್ರಿ, ಇವೆರಡರ ಮೇಲೆ ಮಾವ ಇಪ್ಪತ್ತೆಂಟು ವರ್ಷ ಅಂಗಡಿ ನಡೆಸಿದ್ದರು. ನಾನು ಮದುವೆಯಾಗಿ ಬಂದು, ನಾಲ್ಕು ವರ್ಷ ಇಸ್ತ್ರಿ ಹಾಕಿ, ಆಮೇಲೆ ಹಠ ಹಿಡಿದು ಮೂರು ತಿಂಗಳು ತರಬೇತಿಗೆ ಹೋಗಿ, ಹಿಂದಿನ ಕೋಣೆಯಲ್ಲಿ ಆ ಮಷಿನ್ನು ನಿಲ್ಲಿಸಿದೆ. ಅದು ಬಂದು ಮೂರು ವರ್ಷ. ಚಳಿಗಾಲದ ಕೋಟುಗಳೆಲ್ಲ ಈಗ ನಮ್ಮಲ್ಲಿಗೇ ಬರುತ್ತವೆ. ಆದರೆ ಅತ್ತೆಯ ಒಂದೂ ಉಣ್ಣೆ ಬಟ್ಟೆ ಆವರೆಗೆ ಅದರೊಳಗೆ ಹೋಗಿರಲಿಲ್ಲ. ನನ್ನ ಗಂಡ ಸಿಟಿ ಬಸ್ಸಿನ ಡ್ರೈವರು. ಅಮ್ಮ ಮತ್ತು ಹೆಂಡತಿಯ ನಡುವೆ ಅವರು ಬಸ್ಸು ಓಡಿಸಿದಂತೆಯೇ ಇರುತ್ತಾರೆ: ಹಾರ್ನ್ ಮಾಡುವುದಿಲ್ಲ, ಎಡಕ್ಕೆ ಸರಿದು ಹೋಗಿಬಿಡುತ್ತಾರೆ.

ಮಾವನ ಕೆಲಸ ಜೇಬು ನೋಡುವುದು. ಬಂದ ಬಟ್ಟೆ ಅವರ ಕೈ ದಾಟದೆ ಒಳಗೆ ಹೋಗುವಂತಿಲ್ಲ. ಪ್ರತಿ ಜೇಬಿನೊಳಗೂ ಎರಡು ಬೆರಳು ಹಾಕಿ ತಳದವರೆಗೆ ಸವರುತ್ತಾರೆ. ಬಸ್ ಟಿಕೆಟ್ಟು, ಬೀಗದ ಕೈ, ಪ್ರೇಮಪತ್ರ, ಒಮ್ಮೆ ಕಟ್ಟಿಸಿದ ಹಲ್ಲು. ಸಿಕ್ಕಿದ್ದನ್ನು ಒಂದು ಉದ್ದ ಪುಸ್ತಕದಲ್ಲಿ ಚೀಟಿ ನಂಬರಿನ ಜೊತೆ ಬರೆದು, ವಸ್ತುವನ್ನು ಬಿಸ್ಕತ್ತಿನ ಡಬ್ಬಿಗೆ ಹಾಕಿಡುತ್ತಾರೆ. ಬಟ್ಟೆ ಒಯ್ಯಲು ಬಂದ ಗಿರಾಕಿ ಅದನ್ನೂ ತೆಗೆದುಕೊಂಡು ಕೊನೆಯ ಕಾಲಮಿನಲ್ಲಿ 'ತಲುಪಿತು' ಎಂದು ಸಹಿ ಹಾಕಬೇಕು. ಕೌಂಟರಿನ ಮೇಲೆ ಅವರೇ ಕೈಯಾರೆ ಬರೆದ ಬೋರ್ಡು ಇದೆ: ಜೇಬಿನಲ್ಲಿ ಸಿಕ್ಕಿದ್ದು ಜೇಬಿನವರಿಗೆ. ಹೊಸ ಗಿರಾಕಿ ಬಂದರೆ ಆ ಬೋರ್ಡಿನ ಕಥೆ ಹೇಳದೆ ಚೀಟಿ ಹರಿಯುತ್ತಿರಲಿಲ್ಲ. "ಮೂವತ್ತೊಂದು ವರ್ಷ. ಒಂದು ಗುಂಡಿ ಕೂಡ ಈ ಅಂಗಡಿಯಲ್ಲಿ ಉಳಿದಿಲ್ಲ."

ಎರಡನೆಯ ವಾರ ಮಾವನಿಗೆ ಊಟ ಸೇರದಾಯಿತು. ಮೊಟ್ಟೆ ತಟ್ಟೆಯಲ್ಲೇ ಉಳಿಯಿತು. ಅನ್ನವನ್ನು ಕಲಸಿ ಕಲಸಿ ಪಕ್ಕಕ್ಕೆ ತಳ್ಳಿದರು.

"ಬಾಯೆಲ್ಲ ಕಹಿ," ಎಂದರು.

"ನಾನೇ ಕೈಯಾರೆ ಮಾಡಿದೀನಿ, ಕಹಿ ಹೇಗಾಗುತ್ತೆ?" ಎಂದು ಅತ್ತೆ ಮುಖ ಊದಿಸಿಕೊಂಡರು.

ಬುಧವಾರ ಬೆಳಿಗ್ಗೆ ಲಾಡ್ಜಿನ ಬಿಳಿ ಬೆಡ್‌ಶೀಟುಗಳನ್ನು ಕಿಟಕಿಯ ಹತ್ತಿರ ಬೆಳಕಿಗೆ ಹಿಡಿದು ನೋಡುತ್ತಿದ್ದೆ. ಬಿಳಿ ಯಾವುದು, ಬಿಳಿಯ ಹಾಗೆ ಕಾಣುವುದು ಯಾವುದು ಎಂದು ಹೇಳುವುದೇ ನನ್ನ ಹೊಟ್ಟೆಪಾಡು. ಇನ್ನೊಂದು ತುದಿ ಮಾವ ಹಿಡಿದಿದ್ದರು. ಶೀಟಿನ ಅಂಚಿನ ಮೇಲೆ ಅವರ ಕಣ್ಣು ಕಾಣಿಸಿತು. ಬೆಡ್‌ಶೀಟು ಬಿಳಿ. ಕಣ್ಣು ಅಲ್ಲ.

"ಮಾವ, ಹಾಗೇ ನಿಲ್ಲಿ. ಮೇಲೆ ನೋಡಿ."

"ಯಾಕಮ್ಮ?"

"ಕಣ್ಣು ಹಳದಿಯಾಗಿದೆ."

"ಹಳೇ ಬಟ್ಟೆ ಹಳದಿಯಾಗಲ್ವಾ? ವಯಸ್ಸು."

"ಮೂತ್ರ ಯಾವ ಬಣ್ಣ ಹೋಗ್ತಿದೆ?"

"ಥೂ, ಸೊಸೆ ಕೇಳೋ ಮಾತಾ ಇದು!"

ಮೆಟ್ಟಿಲ ಮೇಲಿನಿಂದ ಅತ್ತೆಯ ದನಿ ಬಂತು. "ಹಾಲು ಹಾಕದ ಚಹಾ ಥರ! ನಾಲ್ಕು ದಿನದಿಂದ ನೋಡ್ತಿದೀನಿ. ಕೇಳಿದ್ರೆ ನನ್ನ ಮೇಲೇ ಹಾರಾಡ್ತಾರೆ."

ಅಂದೇ ಆಸ್ಪತ್ರೆಗೆ ಹೋದೆವು. ಲಿವರ್ ಡಾಕ್ಟರು ಕುಳ್ಳಗಿನ ಹೆಂಗಸು. ಕನ್ನಡಕ ಯಾವಾಗಲೂ ಹಣೆಯ ಮೇಲೆ. ಸುತ್ತಿಬಳಸಿ ಮಾತಾಡುವ ಜಾತಿಯಲ್ಲ. ಮೂರು ದಿನ ರಕ್ತ ತೆಗೆದರು, ಹೊಟ್ಟೆಯ ಸ್ಕ್ಯಾನ್ ಮಾಡಿದರು, ನಾಲ್ಕನೆಯ ದಿನ ನಮ್ಮೆಲ್ಲರನ್ನೂ ಎದುರಿಗೆ ಕೂರಿಸಿಕೊಂಡರು.

"ಕಾಮಾಲೆ ಜೋರಾಗೇ ಇದೆ. ಬಿಲಿರುಬಿನ್ ಒಂದರ ಆಸುಪಾಸು ಇರಬೇಕು, ಒಂಬತ್ತಿದೆ. ಪಿತ್ತ ಚರಂಡಿಗೆ ಹೋಗ್ದೆ ರಕ್ತಕ್ಕೆ ನುಗ್ತಿದೆ, ಅದಕ್ಕೇ ತುರಿಕೆ. ಕುಡೀತೀರಾ?"

"ಜನ್ಮದಲ್ಲಿ ಇಲ್ಲ," ಎಂದರು ಮಾವ.

"ಕಾಮಾಲೆ ತರೋ ವೈರಸ್ ಒಂದೂ ಸಿಕ್ಕಿಲ್ಲ. ಪಿತ್ತಕೋಶದಲ್ಲಿ ಕಲ್ಲಿಲ್ಲ, ದೊಡ್ಡ ನಾಳದಲ್ಲಿ ಅಡ್ಡ ಏನೂ ಕೂತಿಲ್ಲ. ಎಲ್ಲಾ ಬಾಗಿಲೂ ತಟ್ಟಿದ್ದಾಯ್ತು. ಉಳಿದಿರೋದು ಔಷಧಿ. ಆರು ತಿಂಗಳಲ್ಲಿ ಗಂಟಲಿಂದ ಇಳಿದಿದ್ದೆಲ್ಲ ತಾರೀಕಿನ ಸಮೇತ ಬರ್ಕೊಂಡು ಬನ್ನಿ. ಮಾತ್ರೆ, ಪುಡಿ, ಕಷಾಯ, ಟಾನಿಕ್ಕು, ಪಕ್ಕದ ಮನೆಯವರು ಕೊಟ್ಟ ಬೇರು, ಯಾವುದನ್ನೂ ಬಿಡ್ಬೇಡಿ."

"ನಾನು ಮಾತ್ರೆ ಮುಟ್ಟೋನೇ ಅಲ್ಲ ಡಾಕ್ಟ್ರೇ."

"ಏನು ಕೆಲಸ ಮಾಡ್ತೀರಿ?"

"ಲಾಂಡ್ರಿ."

"ಡ್ರೈಕ್ಲೀನ್ ಇದೆಯಾ? ಕೆಮಿಕಲ್?"

ಮೂರು ತಲೆಗಳು ಒಟ್ಟಿಗೇ ನನ್ನ ಕಡೆ ತಿರುಗಿದವು. ನನಗೆ ಹೆದರಿಕೆಗಿಂತ ಸಿಟ್ಟೇ ಹೆಚ್ಚಾಯಿತು.

ಅಂದು ಊಟದ ಮೇಜಿನಲ್ಲಿ ಅತ್ತೆ ತಟ್ಟೆ ಇಡುವ ಸದ್ದಿಗೇ ಮುಂದೇನು ಬರಲಿದೆ ಎಂದು ಗೊತ್ತಾಯಿತು.

"ಮೂರು ವರ್ಷದಿಂದ ಬಡ್ಕೊಂಡೆ. ಆ ಡಬ್ಬ ಒಂದಿನ ಯಾರನ್ನಾದ್ರೂ ನುಂಗುತ್ತೆ ಅಂತ. ಯಾರು ಕೇಳಿದ್ರು?"

"ಅತ್ತೆ, ಮಾವ ಕೂರೋದು ಬೀದಿ ಬಾಗಿಲ ಹತ್ರ. ದಿನಕ್ಕೆ ಎಂಟು ಗಂಟೆ ಮಷಿನ್ ಪಕ್ಕ ನಿಲ್ಲೋಳು ನಾನು. ಅದು ನುಂಗೋದಾದ್ರೆ ಮೊದಲು ನನ್ನನ್ನಲ್ವಾ ನುಂಗ್ಬೇಕು?"

"ನಿನಗೆ ವಯಸ್ಸಿದೆ, ತಡ್ಕೋತೀಯ."

"ಫಿಲ್ಟರು ವಾರಕ್ಕೊಂದ್ಸಲ ನೋಡ್ತೀನಿ. ಬಾಗಿಲಿನ ರಬ್ಬರು ಹೋದ ತಿಂಗಳು ಹೊಸದು ಹಾಕಿಸಿದೀನಿ. ಫ್ಯಾನು ನಿಂತಿದ್ದ ದಿನ ಯಾವತ್ತಾದ್ರೂ ಮಷಿನ್ ಹಾಕಿದ್ದು ನೋಡಿದೀರಾ?"

ನನ್ನ ಗಂಡ ಬ್ರೆಡ್ಡು ಮುರಿಯುತ್ತ, "ಸದ್ಯಕ್ಕೆ ನಿಲ್ಸು. ಅಪ್ಪ ಹುಷಾರಾಗೋವರೆಗೆ," ಎಂದರು.

"ಎಡಕ್ಕೆ ಸರಿದ್ರಾ?"

"ನಿಲ್ಸು ಅಂದೆ ಅಷ್ಟೇ. ಮಾರು ಅಂದ್ನಾ?"

"ಮಾರೋದೇ ಸರಿ," ಎಂದರು ಅತ್ತೆ.

ಮಾವ ತುಟಿ ಪಿಟಕ್ಕೆನ್ನಲಿಲ್ಲ. ಅದು ನನಗೆ ಉಳಿದೆಲ್ಲಕ್ಕಿಂತ ಹೆಚ್ಚು ನೋವಾಯಿತು. ಮಷಿನ್ನು ತರುವಾಗ ಈ ಮನೆಯಲ್ಲಿ ನನ್ನ ಪರವಾಗಿ ನಿಂತಿದ್ದವರು ಅವರೊಬ್ಬರೇ.

ನಾನು ಮಷಿನ್ನು ನಿಲ್ಲಿಸಿದೆ. ಮರುದಿನವೇ ಹೋಗಿ ನನ್ನ ರಕ್ತ ಕೊಟ್ಟು ಬಂದೆ. ರಿಪೋರ್ಟಿನಲ್ಲಿ ಲಿವರಿನ ಎಲ್ಲ ನಂಬರುಗಳೂ ಸರಿಯಾಗಿದ್ದವು. ಅದನ್ನು ತಂದು ಅಡುಗೆಮನೆಯ ಗೋಡೆಗೆ ಅಂಟಿಸಿದೆ. ಅತ್ತೆ ಕನ್ನಡಕ ಹಾಕಿಕೊಂಡು ಮೇಲಿನಿಂದ ಕೆಳಗಿನವರೆಗೆ ಓದಿದರು.

"ನಿಂದು ಕಬ್ಬಿಣದ್ದು," ಎಂದು ಪಾತ್ರೆ ಉಜ್ಜಲು ಹೋದರು.

ಔಷಧಿಯ ಪಟ್ಟಿ ಬರೆಯಲು ಭಾನುವಾರ ಕೂತೆವು. ಗಂಡ ಪೆನ್ನು ಹಿಡಿದರು, ಮಾವ ಸೋಫಾದಲ್ಲಿ ಒರಗಿದ್ದರು. ಹಾಳೆ ಖಾಲಿ ಇತ್ತು.

"ತಲೆನೋವಿಗೆ?"

"ಇಲ್ಲ."

"ನೆಗಡಿ, ಜ್ವರ, ಹೊಟ್ಟೆನೋವು?"

"ಇಲ್ಲಪ್ಪ. ಎಷ್ಟು ಸಲ ಕೇಳ್ತೀಯ?"

ಆಗ ಅಡುಗೆಮನೆ ಬಾಗಿಲಲ್ಲಿ ಅತ್ತೆ ಸೆರಗು ತಿರುಚುತ್ತ ನಿಂತರು. "ಒಂದು ಟಾನಿಕ್ಕು," ಎಂದರು. "ಮೂಲೆಮನೆಯವಳು ಕೊಟ್ಟಿದ್ದು. ಮಂಡಿಗೆ ಒಳ್ಳೇದು ಅಂದ್ಲು. ಇವರು ಕುಡಿಯಲ್ಲ ಅಂತ ಹಾಲಿಗೆ ಹಾಕ್ತಿದ್ದೆ."

"ಅಮ್ಮಾ!"

"ನಾನೂ ಕುಡಿದೆ ಕಣೋ! ನನಗೇನಾಯ್ತು?"

ಡಾಕ್ಟರು ಆ ಬಾಟಲಿಯನ್ನು ತಿರುಗಿಸಿ ನೋಡಿ, ಐದು ತಿಂಗಳ ಹಿಂದೆಯೇ ಮುಗಿದದ್ದೆಂದು ಕೇಳಿ, ತಲೆ ಅಲ್ಲಾಡಿಸಿದರು. "ತುಂಬಾ ಹಳೇದಾಯ್ತು. ಆದ್ರೂ ಇನ್ಮೇಲೆ ಹಾಕ್ಬೇಡಿ." ಅತ್ತೆ ಎರಡು ದಿನ ಯಾರ ಜೊತೆಯೂ ಜಗಳ ಆಡಲಿಲ್ಲ. ಮನೆ ಬಿಕೋ ಎನ್ನುತ್ತಿತ್ತು.

ಮೂರನೆಯ ವಾರ ಬಿಲಿರುಬಿನ್ ಹದಿಮೂರಾಯಿತು. ಮಾವನ ಮುಖ, ಎದೆ, ಅಂಗೈಯವರೆಗೂ ಹಳದಿ ಇಳಿದಿತ್ತು. ಮಲ ಸುಣ್ಣದ ಬಣ್ಣಕ್ಕೆ ತಿರುಗಿತ್ತು. ಕೆರೆದು ಕೆರೆದು ತೋಳಿನ ಮೇಲೆ ಗೀರು. ಅಂಗಡಿಯಲ್ಲಿ ಕೋಟುಗಳು ಒಂದರ ಮೇಲೊಂದು ಬಿದ್ದು, ಗಿರಾಕಿಗಳು ಮೂಗು ಮುರಿದು ಬೇರೆ ಕಡೆ ಒಯ್ಯತೊಡಗಿದರು. ಅತ್ತೆ ಯಾರಿಗೋ ಹೇಳಿ ಕಳಿಸಿದ್ದರಿಂದ ಪಕ್ಕದ ಬಡಾವಣೆಯ ಲಾಂಡ್ರಿಯವನೊಬ್ಬ ಟೇಪು ಹಿಡಿದು ಬಂದು ನನ್ನ ಮಷಿನ್ನಿನ ಅಗಲ ಅಳೆದುಕೊಂಡು ಹೋದ. ಇನ್ನೊಂದು ವಾರಕ್ಕೆ ಗಾಡಿ ತರುತ್ತೇನೆಂದ. ಅವನ ಎದುರು ನಾನು ಅಳಲಿಲ್ಲ. ಅವನು ಹೋದ ಮೇಲೆ ಮಷಿನ್ನಿನ ಗಾಜು ಒರೆಸುತ್ತ ಕಣ್ಣೀರು ಹಾಕಿದೆ.

ಡಾಕ್ಟರು ಪಕ್ಕೆಲುಬಿನ ನಡುವೆ ಸೂಜಿ ಹಾಕಿ ಲಿವರಿನ ಒಂದು ಎಳೆ ತೆಗೆದರು. ಮಾವ ಆರು ಗಂಟೆ ಬಲಮಗ್ಗುಲಾಗಿ ಅಲುಗಾಡದೆ ಮಲಗಿದರು. ವರದಿ ಬಂದ ದಿನ ನಾನೂ ಗಂಡನೂ ಮಾವನ ಜೊತೆ ಹೋದೆವು.

"ನೋಡಿ," ಎಂದರು ಡಾಕ್ಟರು, ಕನ್ನಡಕ ಹಣೆಯಿಂದ ಮೂಗಿಗಿಳಿಸಿ. "ಲಿವರಿನ ಸಣ್ಣ ಸಣ್ಣ ಕಾಲುವೆಗಳಲ್ಲಿ ಪಿತ್ತ ಕಟ್ಕೊಂಡು ನಿಂತಿದೆ. ಸುತ್ತ ಅಲರ್ಜಿಯಲ್ಲಿ ಬರೋ ರಕ್ತಕಣಗಳು ಮುತ್ತಿಕೊಂಡಿವೆ. ಗಾಯ ಹೊಸದು, ಹಳೇ ಕಲೆ ಏನೂ ಇಲ್ಲ. ಔಷಧಿ ಮಾಡಿದ ಕೆಲಸ ಅಂತಾನೇ ನನ್ನ ಲೆಕ್ಕ. ಆದ್ರೆ ಯಾರು ಹೊಡೆದ್ರು ಅಂತ ಲಿವರ್‌ಗೆ ಹೆಸರು ಹೇಳೋಕೆ ಬರಲ್ಲ. ಅದನ್ನ ನೀವು ಹೇಳ್ಬೇಕು."

"ಹಾಗಾದ್ರೆ ಮಷಿನ್ ಅಲ್ಲ?" ಎಂದೆ.

"ಅಲ್ಲ ಅಂತ ಬರ್ಕೊಡೋಕೆ ನನಗೆ ಇನ್ನೊಂದು ಹೆಸರು ಬೇಕು. ಯಜಮಾನ್ರೇ, ಕೆಲವು ಔಷಧಿ ತಗೊಂಡಾಗ ಏನೂ ಮಾಡಲ್ಲ. ನಿಲ್ಲಿಸಿ ಮೂರು ವಾರ, ನಾಲ್ಕು ವಾರ ಆದ್ಮೇಲೆ ಹೀಗೆ ಎದ್ದು ಕೂರುತ್ತೆ. ಚೆನ್ನಾಗಿ ನೆನಪು ಮಾಡ್ಕೊಳ್ಳಿ. ಹೆಸರು ಗೊತ್ತಿಲ್ದೆ ಇನ್ನೊಂದ್ಸಲ ಅದನ್ನೇ ನುಂಗಿದ್ರೆ ಜೀವಕ್ಕೇ ಬರಬಹುದು."

ಮಾವ ಛಾವಣಿಯ ಫ್ಯಾನು ನೋಡುತ್ತಿದ್ದರು. "ಏನೂ ಇಲ್ಲ ಡಾಕ್ಟ್ರೇ," ಎಂದರು.

ಅಂದು ಸಂಜೆ ಅವರು ಸೂಪನ್ನು ಎಡಗಡೆಯಿಂದ ಮಾತ್ರ ಕುಡಿಯುವುದನ್ನು ನೋಡಿದೆ. ಬಲಗೆನ್ನೆಗೆ ಕೈ ಹೋಗುತ್ತಿತ್ತು, ನಾನು ನೋಡಿದರೆ ಕೆಳಗಿಳಿಯುತ್ತಿತ್ತು.

"ಹಲ್ಲು ನೋವಾ ಮಾವ? ತುರಿಕೆ ಬರೋಕೆ ಮೊದ್ಲು ಕೆನ್ನೆ ಊದಿತ್ತಲ್ಲ, ಅದೇನಾ?"

"ಏನಿಲ್ಲ. ಉಪ್ಪುನೀರು ಮುಕ್ಕಳಿಸಿದ್ರೆ ಹೋಗುತ್ತೆ. ಆವತ್ತೂ ಹಾಗೇ ಹೋಯ್ತು."

ಮರುದಿನ ಬೆಳಿಗ್ಗೆ ಒಬ್ಬಳು ಕಾಲೇಜು ಹುಡುಗಿ ಬಂದು, ಒಗೆಯಲು ಕೊಟ್ಟ ಪ್ಯಾಂಟಿನಲ್ಲಿ ಬೀಗದ ಕೈ ಬಿಟ್ಟಿದ್ದೆ ಎಂದಳು. ಬಿಸ್ಕತ್ತಿನ ಡಬ್ಬಿಗೆ ಮಾವನನ್ನು ಬಿಟ್ಟು ಬೇರೆಯವರು ಕೈ ಹಾಕುತ್ತಿರಲಿಲ್ಲ. ಈಗ ನಾನೇ ಹಾಕಿದೆ. ಬೀಗದ ಕೈ ಸಿಕ್ಕಿತು. ಅದರ ಕೆಳಗೆ ಹರಿದ ಒಂದು ಮಾತ್ರೆ ಸ್ಟ್ರಿಪ್ಪು ಇತ್ತು. ಎರಡು ಮಾತ್ರೆ ಉಳಿದಿತ್ತು. ಹುಡುಗಿಯ ಸಹಿ ಹಾಕಿಸಲು ಪುಸ್ತಕ ತೆರೆದಾಗ, ಎರಡು ಪುಟ ಹಿಂದೆ, ಮಾವನ ದುಂಡು ಅಕ್ಷರದಲ್ಲಿ ಕಣ್ಣಿಗೆ ಬಿತ್ತು: 'ಕಂದು ಕೋಟು. ಒಳಜೇಬು. ಮಾತ್ರೆ ಹತ್ತು.' ಕೊನೆಯ ಕಾಲಮು ಖಾಲಿ. ಕಂದು ಕೋಟು ಇನ್ನೂ ನಮ್ಮ ಅಂಗಡಿಯಲ್ಲೇ ನೇತಾಡುತ್ತಿತ್ತು.

ಹತ್ತು ಬರೆದಿದೆ, ಎರಡು ಇದೆ. ಮಾವನ ಕೆನ್ನೆಯ ಊತ ಪೂರ್ತಿ ಇಳಿದದ್ದು ಯಾವಾಗ? ನಾನು ಕ್ಯಾಲೆಂಡರಿನ ಮುಂದೆ ನಿಂತು ಬೆರಳು ಮಡಿಚಿದೆ. ತುರಿಕೆ ಶುರುವಾಗುವುದಕ್ಕೆ ಸರಿಯಾಗಿ ಮೂರೂವರೆ ವಾರದ ಹಿಂದೆ. ಸ್ಟ್ರಿಪ್ಪನ್ನು ಏಪ್ರನ್ ಜೇಬಿಗೆ ಹಾಕಿಕೊಂಡೆ.

ಮಧ್ಯಾಹ್ನ ಮಾವ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲಿಳಿದು ಬಂದರು. "ಸ್ವಲ್ಪ ಅಂಗಡಿ ನೋಡ್ಕೊಂಡು ಹೋಗ್ತೀನಿ," ಎಂದರು. ನಾನು ಹಿಂದಿನ ಕೋಣೆಗೆ ಹೋದಂತೆ ಮಾಡಿ ಪರದೆಯ ಹಿಂದೆ ನಿಂತೆ. ಅವರು ನೇರವಾಗಿ ಡಬ್ಬಿಯ ಹತ್ತಿರ ಹೋದರು. ಮುಚ್ಚಳ ತೆಗೆದರು. ಎರಡು ಬೆರಳು ತಳದವರೆಗೆ ಸವರಿದವು. ಪಕ್ಕದಲ್ಲಿ ಒಂದು ಲೋಟ ನೀರು ತಂದಿಟ್ಟುಕೊಂಡಿದ್ದರು.

"ಏನು ಹುಡುಕ್ತಿದೀರಿ ಮಾವ?"

ಮುಚ್ಚಳ ಕೆಳಗೆ ಬಿದ್ದು ಸುತ್ತಿ ಸುತ್ತಿ ನಿಂತಿತು.

"ಇದಾ?" ಎಂದು ಸ್ಟ್ರಿಪ್ಪು ತೋರಿಸಿದೆ.

ಅವರು ಸ್ಟೂಲಿನ ಮೇಲೆ ಕುಸಿದು ಕೂತರು. "ಎಂಟು," ಎಂದರು. "ಹಲ್ಲು ಕಿತ್ಕೊಂಡು ಬರ್ತಿತ್ತಮ್ಮ. ಯಾವುದೋ ನೋವಿನ ಮಾತ್ರೆ ಇರಬೇಕು ಅಂತ ಒಂದು ನುಂಗ್ದೆ. ಮರುದಿನ ಊತ ಇಳಿದ ಹಾಗಾಯ್ತು. ಮತ್ತೆ ಒಂದು, ಮತ್ತೆ ಒಂದು. ನೋವು ಹೋದ್ಮೇಲೆ ಉಳಿದ ಎರಡನ್ನ ವಾಪಸ್ ಇಟ್ಟೆ. ನಮ್ಮದಲ್ವಲ್ಲ."

"ಎಂಟು ನಿಮ್ಮದಾಗಿತ್ತಾ?"

ಮಾವ ಬಿದ್ದ ಮುಚ್ಚಳವನ್ನು ಎತ್ತಿ ಡಬ್ಬಿಗೆ ಹಾಕಿದರು.

"ಡಾಕ್ಟರು ನೆನ್ನೆ ಹೇಳಿದ್ದು ಕೇಳಿಸ್ತಾ? ನಿಲ್ಲಿಸಿ ಮೂರು ವಾರ, ನಾಲ್ಕು ವಾರ ಅಂತ?"

"ಕೇಳಿಸ್ತು."

"ಮತ್ತೆ ಈ ನೀರಿನ ಲೋಟ ಯಾಕೆ?"

"ಡಾಕ್ಟ್ರು ಹೇಳಿದ್ದು ಈ ಮಾತ್ರೆ ಅಲ್ಲ ಅಂತ ನನಗೆ ನಾನೇ ಹೇಳ್ಕೊಂಡೆ. ಹಲ್ಲು ನೋಯ್ತಿದೆ."

"ಸತ್ತೋಗ್ತಿದ್ರಿ ಮಾವ!" ನನ್ನ ದನಿ ಬೀದಿಗೆ ಕೇಳಿಸಿರಬೇಕು. "ಈ ಎರಡು ಇವತ್ತು ಇಲ್ಲೇ ಇದ್ದಿದ್ರೆ ಏನಾಗ್ತಿತ್ತು? ಇಷ್ಟು ದಿನ ತಪ್ಪನ್ನೆಲ್ಲ ನನ್ನ ಮಷಿನ್ ಮೇಲೆ ಹಾಕಿದ್ರು, ನೀವು ಪಕ್ಕದಲ್ಲೇ ಕೂತು ಕೇಳಿಸ್ಕೊಂಡ್ರಿ. ಅವನು ಟೇಪು ಹಿಡಿದು ಅಳೆದ. ಆಗ್ಲೂ ಬಾಯಿ ಬಿಡ್ಲಿಲ್ಲ."

"ಗಾಡಿ ಬರೋ ದಿನ ಹೇಳ್ತಿದ್ದೆ."

"ಸುಳ್ಳು."

ಅವರು ತಲೆಯೆತ್ತಿ ಬೋರ್ಡು ನೋಡಿದರು, ಆಮೇಲೆ ನನ್ನನ್ನು. ಹಳದಿ ಕಣ್ಣಲ್ಲಿ ನೀರಿತ್ತು. "ಹೂಂ. ಸುಳ್ಳು," ಎಂದರು. "ಆ ಬೋರ್ಡಿನ ಕೆಳಗೆ ಕೂತು ಹೇಳೋಕೆ ಬಾಯಿ ಬರ್ಲಿಲ್ಲಮ್ಮ."

ಸಿಟ್ಟು ಇಳಿಯಿತೆಂದು ಹೇಳಲಾರೆ. ಆದರೆ ಅವರ ಕೈ ಹಿಡಿದುಕೊಂಡೆ. ಕೈ ಬಿಸಿಯಾಗಿ, ಒರಟಾಗಿ, ಹಗುರವಾಗಿತ್ತು. "ಮೇಲೆ ಬನ್ನಿ. ಅತ್ತೆಗೆ ನಾನು ಹೇಳಲ್ಲ. ನೀವೇ ಹೇಳಿ."

ಅತ್ತೆ ಪೂರ್ತಿ ಕೇಳಿಸಿಕೊಂಡರು. ಕೈಯಲ್ಲಿದ್ದ ಸೌಟು ಕೈಯಲ್ಲೇ ಉಳಿಯಿತು.

"ಗಿರಾಕಿ ಜೇಬಿಂದು ನುಂಗಿದ್ರಾ?"

"ಹೂಂ."

"ನಾನು ಕೊಟ್ಟ ಟಾನಿಕ್ಕಿಗೆ ಮಾತ್ರ ಮೂಗು ಮುರೀತಿದ್ರಿ! ಊರೋರ ಜೇಬಿಂದು ರುಚಿಯಾಯ್ತಾ?"

ಅಷ್ಟು ದಿನಗಳಲ್ಲಿ ಮೊದಲ ಸಲ ನನ್ನ ಗಂಡ ಜೋರಾಗಿ ನಕ್ಕರು. ಅತ್ತೆ ನಗಲಿಲ್ಲ. ಸೌಟನ್ನು ಇಟ್ಟು, ಫೋನು ತೆಗೆದು, ಮಷಿನ್ನು ಅಳೆದುಕೊಂಡು ಹೋದವನಿಗೆ ಹಚ್ಚಿದರು. "ಗಾಡಿ ತರಬೇಡಪ್ಪ. ಕೊಡಲ್ಲ. ಯಾಕೆ ಅಂದ್ರೆ? ನಮ್ಮ ಸೊಸೆ ಮಷಿನ್ನು ಅದು, ಕೊಡಲ್ಲ." ನನ್ನ ಕಡೆ ನೋಡದೆ ಫೋನು ಇಟ್ಟರು.

ಇನ್ನು ಹೆಸರು ಬೇಕಿತ್ತು. ಹರಿದ ಸ್ಟ್ರಿಪ್ಪಿನಲ್ಲಿ ಉಳಿದಿದ್ದು ಹೆಸರಿನ ಬಾಲ ಮಾತ್ರ. ಮೆಡಿಕಲ್ ಶಾಪಿನವನು, ಹೀಗೆ ಕೊನೆಯಾಗುವ ಮಾತ್ರೆ ನನ್ನ ಹತ್ತಿರ ಹತ್ತು ಬಗೆ ಇವೆ ಎಂದ. ಕಂದು ಕೋಟಿನವರು ಅಂಚೆ ಕಚೇರಿಯಲ್ಲಿದ್ದು ನಿವೃತ್ತರಾದವರು, ಬಟ್ಟೆ ಕೊಟ್ಟು ತಿಂಗಳುಗಟ್ಟಲೆ ಮರೆಯುವ ಆಸಾಮಿ. ಚೀಟಿಯಲ್ಲಿ ವಿಳಾಸವಿತ್ತು, ಎರಡು ಓಣಿ ಆಚೆ. ನಾನೊಬ್ಬಳೇ ಹೋಗಿ ಬರುತ್ತೇನೆಂದೆ. ಮಾವ ಕೇಳಲಿಲ್ಲ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಕುತ್ತಿಗೆಯವರೆಗೆ ಗುಂಡಿ ಹಾಕಿ, ನನ್ನ ಭುಜ ಹಿಡಿದು ಬಂದರು.

ಬಾಗಿಲು ತೆರೆದದ್ದು ಕಂದು ಕೋಟಿನವರು. ಅವರ ಕಾಲ ಸಂದಿಯಿಂದ ಕರುವಿನಷ್ಟು ಎತ್ತರದ ಒಂದು ನಾಯಿ ತಲೆ ಹಾಕಿತು.

"ನಿಮ್ಮ ಕೋಟಿನ ಜೇಬಲ್ಲಿ ಹತ್ತು ಮಾತ್ರೆ ಇತ್ತು," ಎಂದರು ಮಾವ, ಬಾಯಿಪಾಠ ಒಪ್ಪಿಸುವವರಂತೆ. "ಎಂಟು ನಾನು ನುಂಗಿಬಿಟ್ಟೆ. ತಪ್ಪಾಯ್ತು. ನಿಮಗೆ ತೊಂದರೆ ಆಯ್ತೇನೋ, ಕಾಯಿಲೆ ಹೆಚ್ಚಾಯ್ತೇನೋ."

"ಯಾವ ಮಾತ್ರೆ? ಓ..." ಕಂದು ಕೋಟಿನವರು ನಾಯಿಯನ್ನು ನೋಡಿದರು, ಮಾವನನ್ನು ನೋಡಿದರು. "ಅಯ್ಯೋ ಸ್ವಾಮಿ, ಅದು ನಂದಲ್ಲ. ಇವನದು. ಪಂಜಕ್ಕೆ ಗಾಜು ಚುಚ್ಚಿ ಕೀವಾಗಿತ್ತು, ನಾಯಿ ಡಾಕ್ಟ್ರು ಬರ್ಕೊಟ್ಟಿದ್ರು. ಎಲ್ಲೋ ಕಳೆದೋಯ್ತು ಅಂತ ಮತ್ತೆ ಅದನ್ನೇ ತಂದ್ಕೊಂಡೆ."

ಮಾವ ಬಹಳ ಹೊತ್ತು ನಾಯಿಯನ್ನೇ ನೋಡಿದರು. "ಈಗ ಹೇಗಿದಾನೆ?" ಎಂದು ಕೇಳಿದರು.

"ಕುದುರೆ ಥರ ಓಡ್ತಾನೆ. ನೀವು ಯಾಕೆ ಹೀಗೆ ಹಳದಿಯಾಗಿದೀರಿ?"

ಕಂದು ಕೋಟಿನವರು ಒಳಗಿನಿಂದ ತಂದ ಖಾಲಿ ಸ್ಟ್ರಿಪ್ಪಿನ ಮೇಲೆ ಪೂರ್ತಿ ಹೆಸರಿತ್ತು. ಎರಡು ಔಷಧಿ ಸೇರಿಸಿ ಮಾಡಿದ ಆಂಟಿಬಯಾಟಿಕ್. ಡಾಕ್ಟರು ಅದನ್ನು ಓದಿದ ಕ್ಷಣ ಮೇಜು ಕುಟ್ಟಿದರು.

"ಇದೇ! ಮನುಷ್ಯರಿಗೂ ಕೊಡೋದೇ ಇದು. ಲಕ್ಷ ಜನ ನುಂಗ್ತಾರೆ, ಏನೂ ಆಗಲ್ಲ. ಎಲ್ಲೋ ಒಬ್ಬರಿಗೆ, ಅದರಲ್ಲೂ ವಯಸ್ಸಾದ ಗಂಡಸರಿಗೆ, ನಿಲ್ಲಿಸಿದ ಮೇಲೆ ಹೀಗೆ ಕಾಮಾಲೆ ಬರುತ್ತೆ. ತಾರೀಕು, ತುರಿಕೆ, ಸೂಜಿಯ ವರದಿ, ಎಲ್ಲಾ ಒಂದಕ್ಕೊಂದು ಸೇರ್ತು. ರಕ್ತ ಸರಿಯಾಗಿ ಹೆಪ್ಪುಗಟ್ತಿದೆ, ಅಂದ್ರೆ ಲಿವರ್ ಇನ್ನೂ ಗಟ್ಟಿ ಇದೆ. ವಾಸಿಯಾಗುತ್ತೆ. ತಿಂಗಳು ಹಿಡಿಯುತ್ತೆ, ಆದ್ರೆ ಆಗುತ್ತೆ." ಒಂದು ಕಾರ್ಡಿನ ಮೇಲೆ ಕೆಂಪು ಪೆನ್ನಿನಲ್ಲಿ ಮಾತ್ರೆಯ ಹೆಸರು ಬರೆದು ಕೆಳಗೆ ಎರಡು ಗೆರೆ ಎಳೆದರು. "ಸಾಯೋವರೆಗೂ ಇದು ಜೇಬಲ್ಲಿರಲಿ. ಹಲ್ಲಿನ ಡಾಕ್ಟ್ರಿಗೆ ಮೊದಲು ತೋರಿಸಿ." ಉಳಿದ ಎರಡು ಮಾತ್ರೆ ಅವರೇ ಇಟ್ಟುಕೊಂಡರು. ಇನ್ನೊಂದು ಕಾಗದದಲ್ಲಿ, ನಾನು ಕೇಳುವ ಮೊದಲೇ, ಕಾಯಿಲೆಗೆ ಕಾರಣ ಡ್ರೈಕ್ಲೀನ್ ಅಲ್ಲ ಎಂದು ಬರೆದುಕೊಟ್ಟರು. ಅದೂ ಅಡುಗೆಮನೆ ಗೋಡೆಗೆ ಹೋಯಿತು.

ಮಷಿನ್ನು ಮತ್ತೆ ಶುರುವಾದ ದಿನ ಅತ್ತೆ ತಮ್ಮ ಉಣ್ಣೆ ಶಾಲನ್ನು ತಂದು ಕೌಂಟರಿನ ಮೇಲೆ ಹಾಕಿದರು.

"ಅಂಚಲ್ಲಿ ಎಣ್ಣೆ ಕಲೆ ಇದೆ. ಹಾಳು ಮಾಡಿದ್ರೆ ನೋಡು."

"ಹೆಸರು?" ಎಂದು ನಾನು ಚೀಟಿ ಹರಿದೆ.

"ಕೊಬ್ಬು ನಿನಗೆ," ಎಂದರು ಅತ್ತೆ. ಶಾಲು ಹೊಸದರಂತೆ ಬಂದಾಗ ಮೂರು ಮನೆಗೆ ತೋರಿಸಿಕೊಂಡು ಬಂದರು.

ಕೆಟ್ಟ ಹಲ್ಲು ಹೋಯಿತು. ತುರಿಕೆ ಇಳಿಯಿತು, ಹ್ಯಾಂಗರು ಹ್ಯಾಂಗರಿನ ಕೆಲಸಕ್ಕೆ ಮರಳಿತು. ಬಿಲಿರುಬಿನ್ ಹದಿಮೂರರಿಂದ ಹತ್ತಕ್ಕೆ, ಆರಕ್ಕೆ, ಮೂರಕ್ಕೆ ಇಳಿಯಿತು. ದಿನಾ ಬೆಳಿಗ್ಗೆ ಮಾವ ಕಿಟಕಿಯ ಹತ್ತಿರ ಬಂದು ಮೇಲೆ ನೋಡುತ್ತ ನಿಲ್ಲುತ್ತಿದ್ದರು.

"ಹೇಗಿದೆಯಮ್ಮ?"

"ಹಳೇ ಬನಿಯನ್ನು."

ಇನ್ನೆರಡು ವಾರಕ್ಕೆ, "ಹೋಟೆಲ್ ಟವೆಲ್ಲು. ಇನ್ನೊಂದು ಸಲ ಒಗೀಬೇಕು."

ಪುಸ್ತಕದ ಆ ಕಾಲಮು ಮಾತ್ರ ಖಾಲಿಯೇ ಇತ್ತು. ಬೋರ್ಡು ಇಳಿಸಿಬಿಡು ಎಂದು ಮಾವ ಒಂದೆರಡು ಸಲ ಅಂದರು, ನಾನು ಸೊಪ್ಪು ಹಾಕಲಿಲ್ಲ. ಹೊಸ ಗಿರಾಕಿಗಳಿಗೆ ಅದರ ಕಥೆ ಹೇಳುವುದನ್ನು ಅವರೇ ನಿಲ್ಲಿಸಿದ್ದರು.

ಕಂದು ಕೋಟಿನವರಿಗೆ ಕೋಟಿನ ನೆನಪಾಗಿದ್ದು ಚಳಿ ಮುಗಿಯುವ ಹೊತ್ತಿಗೆ. ನಾಯಿಯ ಜೊತೆ ಬಂದರು. ಅಂಗಡಿಯಲ್ಲಿ ಇನ್ನೂ ಮೂರು ಜನ ಗಿರಾಕಿಗಳಿದ್ದರು. ಮಾವ ಕೋಟು ಮಡಿಚಿ ಕೊಟ್ಟು, ಪುಸ್ತಕ ತೆರೆದು, ಖಾಲಿ ಕಾಲಮಿನ ಮೇಲೆ ಬೆರಳಿಟ್ಟರು. ಕಂದು ಕೋಟಿನವರು ಒಳ್ಳೆಯ ಮನುಷ್ಯ. ತಾವೇ ಪುಸ್ತಕ ಎಳೆದುಕೊಂಡು ದನಿ ತಗ್ಗಿಸಿದರು.

"ಕೊಡಿ ಪೆನ್ನು. ಹತ್ತೂ ತಲುಪಿತು ಅಂತ ಹಾಕ್ತೀನಿ. ಯಾರಿಗೆ ಗೊತ್ತಾಗ್ಬೇಕು?"

ಪೆನ್ನು ಮಾವನ ಕೈಯಲ್ಲಿತ್ತು. ನಾನು ಇಸ್ತ್ರಿ ಪೆಟ್ಟಿಗೆ ಎತ್ತಿ ನಿಲ್ಲಿಸಿ ಕಾದೆ.

"ನಿಮಗೆ ತಲುಪ್ಲಿಲ್ಲವಲ್ಲ ಸ್ವಾಮಿ," ಎಂದು ಮಾವ ಪುಸ್ತಕವನ್ನು ತಮ್ಮ ಕಡೆ ತಿರುಗಿಸಿಕೊಂಡರು. ದುಂಡು ಅಕ್ಷರದಲ್ಲಿ, ಕಾಲಮು ಸಾಲದೆ ಅಂಚಿನವರೆಗೆ ಬರೆದರು. ಬರೆದದ್ದನ್ನು ಮೂವರು ಗಿರಾಕಿಗಳಿಗೂ ಕೇಳುವ ಹಾಗೆ ಓದಿದರು: "ಹತ್ತರಲ್ಲಿ ಎಂಟು ನಾನು ನುಂಗಿದೆ. ಎರಡು ಡಾಕ್ಟರಿಗೆ ಕೊಟ್ಟೆ. ಜೇಬಿನವರಿಗೆ ಒಂದೂ ತಲುಪಲಿಲ್ಲ." ಕೆಳಗೆ ಸಹಿ ಹಾಕಿದರು. ತಾರೀಕು ಹಾಕಿದರು.

ಸಾಲಿನಲ್ಲಿದ್ದ ಮೊದಲ ಹೆಂಗಸು ತನ್ನ ಬಟ್ಟೆ ಗಂಟನ್ನು ಮುಂದಿಟ್ಟು, "ಜೇಬು ನಾನು ನೋಡಿಲ್ಲ, ನೀವೇ ನೋಡಿಬಿಡಿ," ಎಂದಳು. ಮಾವ ಎರಡು ಬೆರಳು ಹಾಕಿ ಜೇಬಿನ ತಳದವರೆಗೆ ಸವರಿದರು.

ಅವಳ ಚೀಟಿ ಹರಿದುಕೊಟ್ಟು, ಆಮೇಲೆ ಅವರು ಕಿಟಕಿಯ ಹತ್ತಿರ ಬಂದು ಬೆಳಕಿಗೆ ಮುಖ ಮಾಡಿ ನಿಂತರು.

"ಈಗ ನೋಡಮ್ಮ."

ನಾನು ಒಂದು ಕೈಯಲ್ಲಿ ಬೆಡ್‌ಶೀಟು ಹಿಡಿದು, ಅವರ ಮುಖದ ಪಕ್ಕಕ್ಕಿಟ್ಟು, ಎರಡು ಕಣ್ಣನ್ನೂ ಚೆನ್ನಾಗಿ ನೋಡಿದೆ.

"ಬಿಳಿ, ಮಾವ," ಎಂದೆ. "ಡೆಲಿವರಿ ಕೊಡಬಹುದು."